ಬಾಗಿಲಲ್ಲಿ ನಿಂತವನು

"ಗುರುಗಳೇ, ಕೊನೆ ಏನೆಂದು ಮೊದಲೇ ಗೊತ್ತಿರುವ ಕತೆಯನ್ನು ಜನ ಯಾಕೆ ಓದುತ್ತಾರೆ?"

ಕೇಳಿದವನು ಕಲ್ಲೇಶಿ. ನಮ್ಮ ಊರಿನ ಮಠ ಚಿಕ್ಕದು. ಒಂದು ಜಗಲಿ, ಒಂದು ಬಾವಿ, ನಾಲ್ಕಾರು ಶಿಷ್ಯರು, ಅಷ್ಟೇ. ಆದರೆ ಆ ಜಗಲಿಯ ಮೇಲೆ ಹುಟ್ಟಿದ ಕತೆಗಳ ಮುಂದೆ ಪೇಟೆಯ ದೊಡ್ಡ ಮಠಗಳ ಪ್ರವಚನ ಸಪ್ಪೆ. ಬೇಕಾದವರು ಪಂದ್ಯ ಕಟ್ಟಲಿ. ಶಿಷ್ಯರಲ್ಲಿ ಕಲ್ಲೇಶಿಯೇ ಚುರುಕು. ಆ ಮಾತು ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತಿತ್ತು.

"ಯಾವ ಕತೆ?" ಎಂದರು ಗುರುಗಳು.

"ಹರೆಯದವರು ಓದುತ್ತಾರಲ್ಲ, ಪ್ರೇಮದ ತಮಾಷೆಯ ಕಾದಂಬರಿ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಮೊದಲ ಪುಟದಲ್ಲಿ ಡಿಕ್ಕಿ, ಜಗಳ. ನಡುವೆ ಒಂದಿಷ್ಟು ತಪ್ಪು ತಿಳುವಳಿಕೆ. ಕೊನೆಯ ಪುಟದಲ್ಲಿ ಕೈ ಕೈ ಹಿಡಿದು ನಗು. ಎಷ್ಟು ಪುಸ್ತಕ ತೆಗೆದರೂ ಇದೇ. ನನ್ನ ತಂಗಿ ಸುವರ್ಣಾ ಊಟ ಬಿಟ್ಟು ಓದುತ್ತಿದ್ದಳು. ಒಬ್ಬಳೇ ಕೂತು ನಗುತ್ತಿದ್ದಳು. ಹೋದ ವಾರ ಕೈಯಿಂದ ಕಿತ್ತು ಬಚ್ಚಲ ಒಲೆಗೆ ಹಾಕಿಬಿಟ್ಟೆ. ಅರ್ಧ ಆಗಿತ್ತಂತೆ. 'ಅಣ್ಣಾ, ಮುಗಿಸಿ ಕೊಡುತ್ತೇನೆ' ಅಂದಳು. 'ಒಂದು ಪುಟವೂ ಓದದೆ ನಾನೇ ಕೊನೆ ಹೇಳುತ್ತೇನೆ ಕೇಳು, ಇಬ್ಬರೂ ಒಂದಾಗುತ್ತಾರೆ, ಇನ್ನು ಏಳು' ಅಂದೆ."

"ಆಮೇಲೆ?"

"ಆಮೇಲೇನು, ಹಠ! ಬೆಳಗಾದರೆ ಬಚ್ಚಲ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಲೆ ಹೊತ್ತಿಸಲು ಬಿಡುವುದಿಲ್ಲ. ಮನೆಮಂದಿಗೆಲ್ಲ ತಣ್ಣೀರೇ ಗತಿ. ಕರೆದರೆ ತಿರುಗುವುದಿಲ್ಲ, ತುತ್ತು ಅನ್ನ ಮುಟ್ಟುವುದಿಲ್ಲ. ಅವ್ವ ಹೆದರಿದ್ದಾಳೆ. ನಾನು ಹೆದರುವ ಪೈಕಿ ಅಲ್ಲ."

ಉಳಿದ ಶಿಷ್ಯರು ನಕ್ಕರು. ಗುರುಗಳು ನಗಲಿಲ್ಲ. ಮಠದ ಬಾಗಿಲ ಕಡೆ ಒಮ್ಮೆ ನೋಡಿ, ಹೇಳತೊಡಗಿದರು.

ಒಂದು ನೇಕಾರರ ಊರು. ಅಲ್ಲಿ ಒಬ್ಬ ವ್ಯಾಪಾರಿ. ಅವನ ಮಗ್ಗದ ಮನೆಯಲ್ಲಿ ಹರೆಯದ ಹುಡುಗರು, ಹುಡುಗಿಯರು ಸೀರೆ ನೇಯುತ್ತಿದ್ದರು. ಆ ಊರಿನ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಎಳೆಗೆ ಎಳೆ ಕೂಡಿಸಬೇಕು. ಕೂಡಿಸುವ ತನಕ ಅದು ಸೀರೆಯಲ್ಲ; ಎದುರು ಬದುರು ಬಿದ್ದಿರುವ ಎರಡು ರಾಶಿ ನೂಲು.

ಕೂಡಿಸುವ ಕೆಲಸಕ್ಕೆ ಕಣ್ಣು ಸೋಲುತ್ತದೆ, ಬೆರಳು ಮರಗಟ್ಟುತ್ತದೆ. ಅದಕ್ಕೆ ಅಲ್ಲೊಂದು ಪದ್ಧತಿ. ಕೂಡಿಸುವ ದಿನ ಮಧ್ಯಾಹ್ನ ಒಬ್ಬ ಮುದುಕಿ ಬಂದು ನಡುವೆ ಕೂರುತ್ತಿದ್ದಳು. ಮೊದಲ ಕುಣಿಕೆಗೆ ಕತೆ ಶುರು. ಕೊನೆಯ ಕುಣಿಕೆಗೆ ಕತೆ ಮುಗಿಯಬೇಕು. ಮುಗಿಯದೆ ಯಾರೂ ಏಳುವಂತಿಲ್ಲ.

ಮುದುಕಿಗೆ ಬರುತ್ತಿದ್ದದ್ದು ಒಂದೇ ಕತೆ. ಒಬ್ಬ ಬಳೆಗಾರರ ಹುಡುಗ, ಒಬ್ಬಳು ಗಾಣಿಗರ ಹುಡುಗಿ. ಹುಡುಗನಿಗೆ ಬಾಯಿ ದೊಡ್ಡದು. ಕೈ ನೋಡಿದರೆ ಸಾಕು, ಮುಖ ನೋಡದೆ ರೂಪ ಹೇಳುತ್ತೇನೆ ಎನ್ನುತ್ತಿದ್ದ. ಹುಡುಗಿ ಕದದ ಹಿಂದಿನಿಂದ ತನ್ನ ಅಜ್ಜಿಯ ಕೈ ಹೊರಗೆ ಚಾಚಿಸಿದಳು. ಹುಡುಗ ಆ ಕೈ ಹಿಡಿದು ಹಾಡಿ ಹೊಗಳಿದ. ಕದ ತೆರೆಯಿತು. ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಹುಡುಗ ಸೇಡು ತೀರಿಸದೆ ಬಿಟ್ಟಾನೆಯೇ? ಹುಡುಗಿಗೆ ಒಂದು ಸುತ್ತು ಚಿಕ್ಕ ಬಳೆ ತೊಡಿಸಿ ಹೋದ. ತೆಗೆಸಿಕೊಳ್ಳಲು ಅವಳು ಸಂತೆಯಿಂದ ಸಂತೆಗೆ ಅವನನ್ನೇ ಹುಡುಕಿಕೊಂಡು ಅಲೆಯಬೇಕಾಯಿತು.

ಹೀಗೆ ಸಾಗುತ್ತಿತ್ತು. ಪ್ರತಿ ಸಲ ಜಗಳ ಹೊಸದು, ಆಟ ಹೊಸದು. ಹುಡುಗರು ಹುಡುಗಿಯರನ್ನು ಕೆಣಕುತ್ತಿದ್ದರು, ಹುಡುಗಿಯರು ತಿರುಗಿ ಬೈಯುತ್ತಿದ್ದರು. ನಗುತ್ತಾ ನಗುತ್ತಾ ಕುಣಿಕೆಗಳು ಕೂಡುತ್ತಿದ್ದವು.

ಆ ವರ್ಷ ವ್ಯಾಪಾರಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ತನ್ನ ಧಾರೆಯ ಸೀರೆಗೆ ಸೆರಗು ಕೂಡಿಸಲು ಅವಳೂ ಎಲ್ಲರ ನಡುವೆ ಕೂತಿದ್ದಳು. ಮುದುಕಿಯ ಕತೆ ಕೊನೆಗೆ ಬಂದಿತ್ತು. ಗಾಣಿಗರ ಹುಡುಗಿಯನ್ನು ನೋಡಲು ಬೇರೆ ಊರಿನಿಂದ ಗಂಡಿನವರು ಬರುವ ದಿನ. ಬಳೆಗಾರ ಬಾಗಿಲಲ್ಲಿ ಬಂದು ನಿಂತಿದ್ದಾನೆ. ಹೆಗಲ ಮೇಲೆ ಬಳೆಯ ಗಂಟು. ಹುಡುಗಿ ಹೊಸ್ತಿಲ ಒಳಗೆ. ಅವಳು ಹೇಳುತ್ತಾಳೆ:

"ಇಷ್ಟು ದಿನ ಮಾತಿಗೆ ಮಾತು ಕೊಟ್ಟೆಯಲ್ಲೋ. ಈಗ ಒಂದು ಮಾತು ಆಡು."

ಮಗ್ಗದ ಮನೆಯಲ್ಲಿ ಕುಣಿಕೆ ಹಿಡಿದ ಬೆರಳುಗಳು ಹಾಗೆಯೇ ನಿಂತವು.

ಅದೇ ಹೊತ್ತಿಗೆ ವ್ಯಾಪಾರಿ ಒಳಗೆ ಬಂದ. ಮದುವೆಯ ಅವಸರ ಅವನಿಗೆ. ನೋಡಿದರೆ ಎಲ್ಲರ ಕೈ ನಿಂತಿದೆ.

"ಏನಿದು? ಕೂಲಿ ಕೊಡುವುದು ಕೈಗೋ ಕಿವಿಗೋ?" ಎಂದ. "ಈ ಕತೆ ನನಗೂ ಗೊತ್ತು. ಇಬ್ಬರಿಗೂ ಮದುವೆ ಆಗುತ್ತದೆ. ಇಷ್ಟು ಹೇಳಲು ಇಡೀ ಮಧ್ಯಾಹ್ನ ಬೇಕೇ ಮುದುಕಿ? ಮುಗಿಯಿತು, ಏಳಿ."

"ಸಾಹುಕಾರರೇ," ಎಂದಳು ಮುದುಕಿ, "ಬಾಗಿಲಲ್ಲಿ ನಿಂತವನನ್ನು ಒಳಗಾದರೂ ಕರೆದುಕೊಳ್ಳುತ್ತೇನೆ. ಅಷ್ಟು ಬಿಡಿ."

"ಅವನಿಗೇನು ಕಾಲಿಲ್ಲವೇ? ತಾನೇ ಬರುತ್ತಾನೆ ಬಿಡು!"

ಕೆಲವರು ನಕ್ಕರು. ಮುದುಕಿ ನಗಲಿಲ್ಲ. ಎಲೆಯಡಿಕೆಯ ಚೀಲ ಎತ್ತಿಕೊಂಡು, ಹಿಂತಿರುಗಿ ನೋಡದೆ ಊರು ಬಿಟ್ಟು ಹೋದಳು.

ಮರುದಿನ ಮಧ್ಯಾಹ್ನ ವ್ಯಾಪಾರಿ ಊಟಕ್ಕೆ ಕೂತಿದ್ದ. ಬೀದಿಯ ಬಾಗಿಲಲ್ಲಿ ಗಾಜಿನ ಬಳೆಗಳ ಸದ್ದಾಯಿತು.

"ಬಳೆಗಾರ ಬಂದ ನೋಡೇ," ಎಂದ ಹೆಂಡತಿಗೆ.

ಹೆಂಡತಿ ಹೋಗಿ ಬಂದಳು. ಯಾರೂ ಇರಲಿಲ್ಲ.

ಅದರ ಮರುದಿನ ಅದೇ ಹೊತ್ತಿಗೆ ಅದೇ ಸದ್ದು. ಈ ಸಲ ಎದ್ದವಳು ಮಗಳು. ಹೋದವಳು ಹೊಸ್ತಿಲ ಬಳಿ ನಿಂತುಬಿಟ್ಟಳು.

"ಯಾರಮ್ಮಾ ಅದು?"

"ನಿಂತಿದ್ದಾನೆ, ಅಪ್ಪಾ."

ವ್ಯಾಪಾರಿ ಎದ್ದು ಬಂದ. ಬೀದಿ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಒಂದು ನಾಯಿಯೂ ಇರಲಿಲ್ಲ. ಆದರೆ ಹೊಸ್ತಿಲ ಮೇಲೆ ಒಂದು ನೆರಳಿತ್ತು. ನೆರಳಿನ ಹೆಗಲ ಮೇಲೆ ಒಂದು ಗಂಟಿತ್ತು.

"ಈಗ ಒಂದು ಮಾತು ಆಡು," ಎಂದಳು ಮಗಳು.

ಹೊತ್ತು ಸರಿಯಿತು. ನೆರಳು ಸರಿಯಲಿಲ್ಲ. ವ್ಯಾಪಾರಿ ಕದ ಹಾಕಿ ಅಗುಳಿ ಜಡಿದ. ಬಳೆಯ ಸದ್ದು ಕದದ ಒಳಮೈಯಿಂದ ಬಂತು.

ಅಂದಿನಿಂದ ಮಗ್ಗದ ಮನೆಯಲ್ಲಿ ಸೀರೆ ಏಳಲಿಲ್ಲ. ಸಂಜೆಗೆ ಕೂಡಿಸಿದ ಕುಣಿಕೆಗಳು ಬೆಳಿಗ್ಗೆ ಬಿಟ್ಟುಕೊಂಡಿರುತ್ತಿದ್ದವು. ಎಳೆ ಹರಿದಿರಲಿಲ್ಲ. ಇಲಿ ಕಡಿದಿರಲಿಲ್ಲ. ಒಂದರೊಳಗಿಂದ ಒಂದು ಹೊರಗೆ ಬಂದು, ಮುಖ ತಿರುಗಿಸಿ ಮಲಗಿರುತ್ತಿದ್ದವು.

ಕತೆ ಕೇಳಿದ್ದ ಹುಡುಗರು ಮಧ್ಯಾಹ್ನವಾದರೆ ಎದ್ದು ಹೋಗಿ ಯಾವುದೋ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಾಯಿ ತೆರೆದಿರುತ್ತಿತ್ತು, ಮಾತು ಇರುತ್ತಿರಲಿಲ್ಲ. ಒಳಗೆ ಹುಡುಗಿಯರು ಕಾಯುತ್ತಾ ನಿಂತಿರುತ್ತಿದ್ದರು. ಮನೆಯವರು ಬಂದು ಇವರನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಮರುದಿನ ಮತ್ತೆ ಬಂದು ನಿಲ್ಲುತ್ತಿದ್ದರು. ಇಡೀ ಬೀದಿಯಲ್ಲಿ ಬಾಗಿಲಿಗೊಬ್ಬ.

ಮದುವೆಯ ಮಾತಿಗೆ ಗಂಡಿನವರು ಬಂದರು. ಮದುಮಗ ಒಳ್ಳೆಯ ಹುಡುಗ. ನೆರಳಿದ್ದ ಜಾಗದಲ್ಲಿ, ತಿಳಿಯದೆ, ಕಾಲಿಟ್ಟು ನಿಂತ.

"ಒಂದು ಮಾತು ಆಡು," ಎಂದಳು ಮಗಳು.

ಮದುಮಗ ನಾಚಿದ. "ಚೆನ್ನಾಗಿದ್ದೀರಾ?" ಎಂದ.

"ಅದಲ್ಲ."

"ಊಟ ಆಯಿತಾ?"

"ಅದಲ್ಲ."

ಅವನು ತನ್ನ ತಂದೆಯ ಮುಖ ನೋಡಿದ. ಗಂಡಿನವರು ನೀರು ಕೂಡ ಕುಡಿಯದೆ ಗಾಡಿ ಹೂಡಿಸಿದರು.

ಅಂದಿನಿಂದ ಮಗಳು ಅನ್ನ ಬಿಟ್ಟಳು. ಹೊಸ್ತಿಲು ಬಿಟ್ಟು ಕದಲಲಿಲ್ಲ. ಮೈ ಇಳಿಯಿತು, ದನಿ ಇಳಿಯಿತು. ಕೊನೆಗೆ ತುಟಿ ಮಾತ್ರ ಅಲುಗುತ್ತಿತ್ತು. ಅದೇ ಒಂದು ಮಾತಿಗೆ ಅಲುಗುತ್ತಿತ್ತು. ಇನ್ನು ಬಹಳ ದಿನ ಉಳಿಯುವುದಿಲ್ಲ ಎಂದರು ವೈದ್ಯರು.

ವ್ಯಾಪಾರಿ ಮುದುಕಿಯನ್ನು ಹುಡುಕಿಕೊಂಡು ಹೋದ. ಅವಳು ಒಂದು ಹಳ್ಳಿಯಲ್ಲಿ ಯಾರದೋ ಜಗಲಿಯ ಮೇಲೆ ಹತ್ತಿ ಬಿಡಿಸುತ್ತಾ ಕೂತಿದ್ದಳು.

"ತಾಯೀ, ಬಂದು ಕತೆ ಮುಗಿಸು," ಎಂದ.

"ನನ್ನಿಂದ ಆಗದು. ಅವನು ಈಗ ನನ್ನ ಬಳಿ ಇಲ್ಲ, ಸಾಹುಕಾರರೇ. ತಾನೇ ಬರುತ್ತಾನೆ ಅಂದಿರಿ, ಬಂದ. ನಿಮ್ಮ ಬಾಗಿಲಲ್ಲಿದ್ದಾನೆ. ಅವನ ಬಾಯಿಗೆ ಮಾತು ನೀವೇ ಕೊಡಬೇಕು."

"ಕೊನೆ ನನಗೆ ಗೊತ್ತೇ ಇದೆ."

"ಗೊತ್ತಿದ್ದರೆ ಇಷ್ಟು ದೂರ ಯಾಕೆ ನಡೆದು ಬಂದಿರಿ?"

ವ್ಯಾಪಾರಿ ಮನೆಗೆ ಮರಳಿದಾಗ ಮಧ್ಯಾಹ್ನವಾಗಿತ್ತು. ಹಿತ್ತಲಿನಿಂದ ಒಳಗೆ ಬಂದು ಮಗಳ ಪಕ್ಕದಲ್ಲಿ ಕೂತ.

"ಅವರಿಗೆ ಮದುವೆ ಆಯಿತು ಮಗಳೇ," ಎಂದ.

ಅನ್ನ ಬಿಟ್ಟ ಮೇಲೆ ಮಗಳು ಮೊದಲ ಸಲ ಬೇರೆ ಮಾತು ಆಡಿದಳು. "ಹೇಗೆ?"

"ಅವನು ಕೇಳಿದ. ಅವಳು ಒಪ್ಪಿದಳು."

"ಏನೆಂದು ಕೇಳಿದ?"

ವ್ಯಾಪಾರಿ ಬಾಯಿ ತೆರೆದ. ಚೌಕಾಸಿಯ ಮಾತು ಅವನಿಗೆ ಬರುತ್ತಿತ್ತು. ಗದರುವ ಮಾತು ಬರುತ್ತಿತ್ತು. ನಾಲ್ಕು ಸಂತೆಗಳಲ್ಲಿ ಅವನ ಬಾಯಿಗೆ ಎದುರು ನಿಂತವರಿರಲಿಲ್ಲ. ಈ ಮಾತು ಬರಲಿಲ್ಲ. ಎಷ್ಟು ತಡಕಿದರೂ ಸಿಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ನೀನಾದರೂ ಹೇಳೇ. ಹೆಂಗಸರಿಗೆ ಗೊತ್ತಿರುತ್ತದೆ."

"ನನಗೆ ಯಾರು ಹೇಳಿದ್ದಾರೆ," ಎಂದಳು ಹೆಂಡತಿ, "ನಾನು ಹೇಳಲಿಕ್ಕೆ?"

ವ್ಯಾಪಾರಿ ಅವಳನ್ನು ನೋಡಿದ. ಅವಳೂ ಒಂದು ಹೊಸ್ತಿಲ ಒಳಗೇ ನಿಂತಿದ್ದಳು. ಎಷ್ಟು ವರ್ಷದಿಂದ ನಿಂತಿದ್ದಳೋ ಅವನಿಗೆ ತಿಳಿಯದು.

ಅವನು ಎದ್ದ. ಹಿತ್ತಲಿನಿಂದ ಹೊರಗೆ ಹೋಗಿ, ಗೋಡೆ ಸುತ್ತಿ, ತನ್ನದೇ ಮನೆಯ ಬೀದಿ ಬಾಗಿಲಿಗೆ ಬಂದ. ನೆರಳಿನ ಪಾದಗಳಿದ್ದ ಕಡೆ ತನ್ನ ಪಾದಗಳನ್ನಿಟ್ಟ. ನೆತ್ತಿಯ ಮೇಲೆ ಬಿಸಿಲಿದ್ದರೂ ಬೆನ್ನಿಗೆ ಯಾರದೋ ಉಸಿರು ತಾಗಿದಂತೆ ತಣ್ಣಗಾಯಿತು. ಕಿವಿಯ ಪಕ್ಕದಲ್ಲೇ ಬಳೆಗಳು ಅಲುಗಿದವು. ಹೆಗಲು ಭಾರವಾಯಿತು. ಕೆಳಗೆ ನೋಡಿದ. ಅವನ ನೆರಳು ಬಿದ್ದಿರಲಿಲ್ಲ. ಅಲ್ಲಿದ್ದದ್ದು ಮೊದಲಿನ ನೆರಳೇ.

ವ್ಯಾಪಾರಿ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಗಳ ಹೆಗಲಾಚೆ ಹೆಂಡತಿಯನ್ನು ನೋಡಿದ.

"ನಾನು ಸೋತೆ ಕಣೇ. ಒಳಗೆ ಬರಲೇ?"

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ಕಾಣಲಿಲ್ಲ. ಮಗಳು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು. ತಂದೆಗೆ ಎಷ್ಟು ಬೇಕೋ ಅಷ್ಟಲ್ಲ. ಇಬ್ಬರು ಒಟ್ಟಿಗೆ ಬರುವಷ್ಟು ದಾರಿ ಬಿಟ್ಟಳು. ಆಮೇಲೆ ಮಗ್ಗದ ಮನೆಯಲ್ಲಿ ನಗುತ್ತಿದ್ದಂತೆ ಗಟ್ಟಿಯಾಗಿ ನಕ್ಕು, "ಅವ್ವಾ, ಹಸಿವು," ಎಂದಳು.

ಬೀದಿಯ ಬಾಗಿಲುಗಳಲ್ಲಿ ನಿಂತಿದ್ದ ಹುಡುಗರು ಕಣ್ಣುಜ್ಜಿಕೊಂಡು ಮನೆಗೆ ಹೋದರು. ಕೆಲವರು ಹೋಗಲಿಲ್ಲ, ಅಲ್ಲೇ ನಿಂತು ಒಳಗಿನವರಿಗೆ ಏನೋ ಹೇಳಿದರು. ಸೀರೆಗೆ ಸೆರಗು ನಿಂತಿತು.

ಸಂಜೆ ಕಸ ಗುಡಿಸಲು ಬಂದ ಹೆಂಡತಿ ನೆಲ ನೋಡಿ ಪೊರಕೆ ಕೆಳಗಿಟ್ಟಳು. ಹೊಸ್ತಿಲಿನಿಂದ ಒಳಗೆ ಬೀದಿಯ ಧೂಳಿನ ಹೆಜ್ಜೆಗಳಿದ್ದವು. ಒಂದು ಗಂಡನ ಚಪ್ಪಲಿಯದು. ಅದರ ಪಕ್ಕದಲ್ಲೇ ಇನ್ನೊಂದು, ಬರಿಗಾಲಿನದು. ಹೊರಗೆ ಹೋದ ಹೆಜ್ಜೆ ಯಾವುದೂ ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಜಗಲಿಯ ಮೇಲೆ ಯಾರೂ ನಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ಶಿಷ್ಯನೊಬ್ಬ ಮೆಲ್ಲಗೆ ಸರಿದು ಗೋಡೆಗೆ ಒರಗಿಕೊಂಡ.

ಕಲ್ಲೇಶಿ ಗಂಟಲು ಸರಿಪಡಿಸಿಕೊಂಡ. ಸುಮ್ಮನೆ ಸೋಲೊಪ್ಪುವವನಲ್ಲ ಅವನು.

"ಕತೆ ಭರ್ಜರಿ ಗುರುಗಳೇ. ಆದರೆ ಅದು ಮುದುಕಿಯ ಬಾಯಿಮಾತು. ನಾನು ಒಲೆಗೆ ಹಾಕಿದ್ದು ಅಚ್ಚಾದ ಪುಸ್ತಕ, ಸುಟ್ಟು ಬೂದಿಯಾಗಿದೆ. ಬೂದಿ ಎಲ್ಲಿಗೆ ನಡೆದು ಬಂದೀತು? ನಾಳೆ ಬೆಳಿಗ್ಗೆ ಅವಳನ್ನು ಪಕ್ಕಕ್ಕೆ ಸರಿಸಿ ನಾನೇ ಒಲೆ ಹೊತ್ತಿಸುತ್ತೇನೆ, ನೋಡುತ್ತಿರಿ."

"ಹೊತ್ತಿಸು ಕಲ್ಲೇಶಿ," ಎಂದರು ಗುರುಗಳು, "ಆದರೆ ಮೊದಲು ಸುವರ್ಣಾಳನ್ನು ಕೇಳು, ಪುಸ್ತಕದ ಆ ಹುಡುಗ ಈಗ ಎಲ್ಲಿ ನಿಂತಿದ್ದಾನೆ ಎಂದು."