ಅಮ್ಮಣ್ಣಿಯ ತಟ್ಟೆಯ ಕಳ್ಳ

“ಕೇಳ್ರಪ್ಪೋ ಕೇಳಿ! ಚೆಲುವಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನೇ ಅರಮನೆ ಅಳಿಯ! ತಪ್ಪಿದವನಿಗೆ ತಲೆದಂಡ!”

ಕಲ್ಲಳ್ಳಿ ಅರಮನೆಯ ಹಿತ್ತಿಲಲ್ಲಿ ಎಮ್ಮೆಗಳಿಗೆ ಅಡುಗೆಮನೆಯ ಕಲಗಚ್ಚು ಕುಡಿಸುತ್ತಿದ್ದ ಜವರನಿಗೂ ಡಂಗುರ ಕೇಳಿಸಿತು. ಕುತೂಹಲ ಸುಮ್ಮನಿರಲು ಬಿಡಬೇಕಲ್ಲ! ಬಕೆಟ್ಟಿಲ್ಲದ ಕಾಲ, ಹೊತ್ತಿದ್ದ ಮಡಕೆಯನ್ನೇ ಇಳಿಸಿ ಸಭೆಯ ಕಂಬದ ಮರೆಗೆ ಹೋಗಿ ನಿಂತ.

“ರಾತ್ರಿಯೆಲ್ಲ ಕುಡಿದು ದಪ್ಪಗಾಗಿ, ಬೆಳಗ್ಗೆ ಜಗಳ ಮರೆಯುವವನು ಯಾರು?” ಎಂದಳು ರಾಜಕುಮಾರಿ.

“ನಮ್ಮ ಸೇನಾಪತಿ!” ಎಂದ ಪಾಳೆಗಾರನ ಮಗ. ತಲೆದಂಡದ ದಿನ ಬರುವವರೆಗೆ ಅವನನ್ನು ಸೆರೆಮನೆಗೆ ಒಯ್ದರು. ಒಬ್ಬ ಪಂಡಿತ ಓಲೆಯಲ್ಲಿ ಉತ್ತರ ಬರೆದುಕೊಟ್ಟು ಅದನ್ನು ಹೇಗೋ ದಾಟಿದ.

“ಮಣ್ಣು ಕಾಣದೆ, ಬಟ್ಟೆಯ ಗಂಟಿನಲ್ಲೇ ಬಾಲ ಬಿಡುವವನು ಯಾರು?”

“ಹಾವಾಡಿಗನ ಹಾವು!” ಪಂಡಿತನೂ ಸೆರೆಮನೆ ಸೇರಿದ.

ಜವರ ತಡೆಯಲಾರದೆ ಮುಂದೆ ಬಂದ. “ಎರಡಕ್ಕೂ ಉತ್ತರ ಅಲಸಂದೆ ಕಾಳು, ಅಮ್ಮಣ್ಣಿ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದ್ರೆ ಹೊಟ್ಟೆ ಜೊತೆ ಜಗಳ ಆಡಲ್ಲ. ಗಂಟು ಕಟ್ಟಿಟ್ರೆ ಮೊಳಕೆ ಬರುತ್ತೆ, ಸಲೀಸಾಗಿ ಅರಗುತ್ತೆ.”

ರಾಜಕುಮಾರಿಯ ಕಣ್ಣರಳಿತು. “ಅಜ್ಜಿಯ ಊರಲ್ಲಿ ಅಲಸಂದೆ ತಿಂದು ಗುಂಡಗಿದ್ದೆ. ಇಲ್ಲೂ ಅದೇ ಕಾಳು, ಆದರೆ ಮೈಯಲ್ಲಿ ಕಸುವಿಲ್ಲ. ನನ್ನ ತಟ್ಟೆಯಿಂದ ಕದಿಯುತ್ತಿರುವವರು ಯಾರು?” ಈ ಮೂರನೇ ಒಗಟಿನ ಉತ್ತರ ಪಾಪ, ಅವಳಿಗೂ ಗೊತ್ತಿರಲಿಲ್ಲ.

ಜವರನಿಗೆ ಗೊತ್ತಿತ್ತು. ಹೇಳಿದರೂ ಕುತ್ತು, ಹೇಳದಿದ್ದರೂ ಕುತ್ತು. ಬೆವರು ಒರೆಸಿಕೊಂಡು ರಾಜನತ್ತ ತಿರುಗಿದ.

“ಕದ್ದಿದ್ದು ತಮ್ಮ ಅಪ್ಪಣೆ, ಬುದ್ಧಿ. ಕಲಕು ನೀರು ರಾಜಪಂಕ್ತಿಗೆ ಸಲ್ಲದು, ಕಾಳು ಮುತ್ತಿನಂಗೆ ಬಿಡಿಬಿಡಿ ಇರ್ಬೇಕು ಅಂದ್ರಿ. ಅಡುಗೆ ಭಟ್ಟರು ಗಂಟೆಗಟ್ಟಲೆ ಬೇಯಿಸಿ, ಕಾಳು ಬೆಂದ ನೀರು, ಅದೇ ಕಟ್ಟು, ಕಲಗಚ್ಚಿಗೆ ಬಸಿದುಬಿಡ್ತಾರೆ. ಕಾಳಿನ ಸಾರವೆಲ್ಲ ಅದರಲ್ಲೇ ಇಳಿದಿರುತ್ತೆ. ಅದನ್ನ ಕುಡಿದು ಎಮ್ಮೆಗಳು ಹೆಂಗೆ ಮಿಂಚ್ತಾವೆ ನೋಡಿ! ನಮ್ಮ ಮನೇಲಿ ಆ ಕಟ್ಟಲ್ಲೇ ಬಸ್ಸಾರು ಮಾಡ್ತೀವಿ. ಒಂದು ತಿಂಗಳು ಅಮ್ಮಣ್ಣಿಗೂ ಅದನ್ನೇ ಬಡಿಸಿ. ಕಸುವು ಬರದಿದ್ರೆ ಈ ತಲೆ ನಿಮ್ಮದು.”

ರಾಜನ ಮುಖ ಕೆಂಪೇರಿತು. ಆದರೂ ಮಗಳ ಬತ್ತಿದ ಕೆನ್ನೆ ನೋಡಿ ಒಪ್ಪಿದ.

ತಿಂಗಳು ಕಳೆಯಿತು. ರಾಜಕುಮಾರಿ ಎಲ್ಲೂ ಕೂರದೆ ಕೋಟೆಯ ಮೆಟ್ಟಿಲೆಲ್ಲ ಹತ್ತಿ, ಮೇಲಿಂದ ಅಪ್ಪನನ್ನು ಕೂಗಿದಳು. ರಾಜ ಕಣ್ಣೊರೆಸಿಕೊಂಡು, “ಅಳಿಯನೇ, ಇನ್ನೇನು ಬೇಕೋ ಕೇಳು” ಎಂದ.

“ಸೆರೆಯಲ್ಲಿರೋರನ್ನ ಬಿಡಿ, ಬುದ್ಧಿ. ಇನ್ನೊಂದು... ಎಮ್ಮೆಗಳ ಪಾಲು ನಾನೇ ಕಿತ್ಕೊಂಡೆ, ಸೊರಗಿಬಿಟ್ಟಿವೆ. ಅವಕ್ಕೆ ಹುರುಳಿ ಕೊಡಿಸಿ.”

ಮದುವೆಯ ದಿನ ಹಿತ್ತಿಲಲ್ಲಿ ಎಮ್ಮೆಗಳು ಹುರುಳಿ ಮೆಲ್ಲುತ್ತಿದ್ದವು. ಒಳಗೆ ಪಂಕ್ತಿಯಲ್ಲಿ ರಾಜ ಕಲಕು ಬಸ್ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡ.