ಮಿಂಚಿಯ ಮೂರು ಅಂಡಾಣು

ಹೊಳೆದಂಡೆಯ ಆಶ್ರಮದಲ್ಲಿ ಮಿಂಚಿ ಎಂಬ ಹೆಣ್ಣುಕುದುರೆ ಬೆಳಗಿನ ಹೊತ್ತು ಹೊಟ್ಟೆನೋವಿನಿಂದ ಸತ್ತಿತು. ಅದರ ತಳಿಯ ಇನ್ನೊಂದು ಕುದುರೆ ಎಲ್ಲೂ ಉಳಿದಿರಲಿಲ್ಲ.

ಪಶುವೈದ್ಯರೂ ಆಗಿದ್ದ ಗುರು ನಿರ್ವಾಣಯ್ಯ ಅಳುತ್ತಾ ಕೂರಲಿಲ್ಲ. ಸತ್ತ ಮಿಂಚಿಯ ಅಂಡಾಶಯದಿಂದ ಮೂರು ಎಳೆಯ ಅಂಡಾಣು ತೆಗೆದು, ಗಾಜಿನ ತಟ್ಟೆಯಲ್ಲಿ ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಿದರು.

"ನಾಳೆ ಮಧ್ಯಾಹ್ನಕ್ಕೆ ಮಾಗ್ತವೆ. ಆಮೇಲೆ ಬೇರೆ ತಳಿಯ ಗಂಡುಕುದುರೆಯ ವೀರ್ಯಾಣು ಸೇರಿಸಿ, ಬೇರೆ ಕುದುರೆಯ ಬಸಿರಲ್ಲಿ ಇಡೋಣ. ಒಂದು ಮರಿಯಾದರೂ ಮಿಂಚಿಯ ವಂಶ ಉಳೀತದೆ. ಅಲ್ಲೀವರೆಗೂ ಮುಟ್ಟಬೇಡ."

ಹಾಗೆಂದು ಶಿಷ್ಯ ಸೋಮಲಿಂಗನ ಕೈಗೆ ಪೆಟ್ಟಿಗೆಯ ಕೀಲಿ ಕೊಟ್ಟರು.

ಸೋಮಲಿಂಗನಿಗೆ ಮೈಯೆಲ್ಲ ಉರಿ. ತಾನು ಮೇವು ಹಾಕಿ ಸಾಕಿದ ಕುದುರೆ. ತನ್ನ ಜುಟ್ಟನ್ನೂ ಹುಲ್ಲು ಅಂದುಕೊಂಡು ದಿನಾ ಎಳೆಯುತ್ತಿದ್ದ ಕುದುರೆ. ಈಗ ಸುಮ್ಮನೆ ಕೂತಿರಬೇಕಂತೆ! ತಾನೇನು ಬಾಗಿಲ ಚಿಲಕವೇ?

ಮರುದಿನ ಬೆಳಗ್ಗೆಯೇ ಪೆಟ್ಟಿಗೆ ತೆರೆದ. ಒಂದು ಅಂಡಾಣುವಿಗೆ ಮೆತ್ತಿಕೊಂಡಿದ್ದ ಜೀವಕೋಶಗಳ ಹೊದಿಕೆಯನ್ನು ಬಿಡಿಸಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟ.

ಮಾಗಿರಲಿಲ್ಲ.

ಗುರುಗಳು ಬಾಗಿಲಲ್ಲೇ ನಿಂತಿದ್ದರು.

"ಹೊದಿಕೆ ಕಿತ್ತೆಯಾ?"

"ಕೀಳದೆ ಮಾಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ?"

"ಕಿತ್ತ ಮೇಲೆ ಅದು ಮಾಗೋದೇ ಇಲ್ಲ ಕಣೋ! ಕುದುರೆ ನೋಡ್ಕೋ ಅಂತ ಕತ್ತೆಯನ್ನು ಬಿಟ್ಟೆನಲ್ಲ!"

ಕಮಂಡಲ ಹಾರಿಬಂತು. ಸೋಮಲಿಂಗ ತಲೆ ತಗ್ಗಿಸಿದ, ವಿನಯದಿಂದಲ್ಲ. ಕಮಂಡಲ ಗೋಡೆಗೆ ಬಡಿದು ಸೊಟ್ಟಗಾಯಿತು.

"ಮೊದಲೇ ಹೇಳಬಾರದಿತ್ತಾ?"

"ಮುಟ್ಟಬೇಡ ಅಂದೆನಲ್ಲ, ಅದು ಕನ್ನಡ ಅಲ್ವಾ?"

"ನಿಮ್ಮದು ಯಾವತ್ತೂ ಇದೇ! ತಾಳು, ತಾಳು! ಮಿಂಚಿ ಹೊರಳಾಡ್ತಿದ್ದಾಗಲೂ ತಾಳು ಅಂದ್ರಿ. ತಾಳಿದೆ. ಸತ್ತೇ ಹೋದಳು!"

ಗುರುಗಳು ತೆರೆದಿದ್ದ ಪೆಟ್ಟಿಗೆಯನ್ನು ಮುಚ್ಚಿದರು.

ಸೋಮಲಿಂಗ ಕೀಲಿಯನ್ನು ಅವರ ಕಾಲ ಬಳಿ ಎಸೆದ. "ತಗೊಳ್ಳಿ! ಉಳಿದೆರಡನ್ನು ನೀವೇ ನೋಡ್ಕೊಳ್ಳಿ. ಕತ್ತೆ ಹೊರಟಿತು."

ಗುರುಗಳು ಬಗ್ಗಿ ಕೀಲಿ ಎತ್ತಿದರು. ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ನೋಯುವಷ್ಟು ಗಟ್ಟಿಯಾಗಿ ಮಡಿಸಿದರು. ಆಮೇಲೆ ಪಂಚೆ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದರು.

"ಎಲ್ಲಿಗೆ?"

"ಸ್ನಾನಕ್ಕೆ."

"ನಾನು ಮತ್ತೆ ಮುಟ್ಟಿದರೆ? ಮಧ್ಯೆ ಬಂದು ನೋಡೋದಿಲ್ವಾ?"

ಗುರುಗಳು ತಿರುಗಲಿಲ್ಲ. ದನಿಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ಗಳಿಗೆಗೊಮ್ಮೆ ಬಂದು ಹೊದಿಕೆ ಕಿತ್ತು ನೋಡಿದರೆ, ನೀನೂ ಮಾಗೋದಿಲ್ಲ."