ಕತ್ತಿಗಂಡನ ದಿಬ್ಬ

ದೂರ ಹೋದ ಗಂಡನ ಕತ್ತಿಗೆ ತುಕ್ಕು ಹಿಡಿದರೆ ಅವನು ಸತ್ತ ಎಂದೇ ಅರ್ಥ. ಆ ಕಾಲದಲ್ಲಿ ನೆರಳಹಟ್ಟಿಯ ಸೀಮೆಯಲ್ಲಿ ಇದನ್ನು ನಂಬದವರು ಇರಲಿಲ್ಲ.

ನೆರಳಹಟ್ಟಿ ಇರುವುದು ದುರ್ಗದ ಸೀಮೆಯ ಬಡಗಣ ಅಂಚಿನಲ್ಲಿ. ಊರಿನ ಹೊರಗೆ ಒಂದು ದಿಬ್ಬವಿದೆ. ಅದರ ಮೇಲೆ ತಂಗಟೆ ಗಿಡಗಳು, ಬಿಸಿಲಿಗೆ ಸೀಳಿದ ಬಂಡೆಗಳು, ನಾಲ್ಕು ಚಪ್ಪಡಿ ಜೋಡಿಸಿದ ಒಂದು ಗುಡಿ. ಗುಡಿಯ ಒಳಗೆ ಕತ್ತಿಯ ಹಿಡಿಯೊಂದು ಇದೆ. ಅಲಗು ಎಂದೋ ಉದುರಿಹೋಗಿದೆ. ಗುಡಿಯ ಹಿಂದೆ ಆಳೆತ್ತರದ ಒಂದು ಕಲ್ಲು. ಮುಂಬದಿಯಲ್ಲಿ ಬಳೆ ತೊಟ್ಟ ಒಂದು ಕೈ, ಅದರ ಪಕ್ಕದಲ್ಲಿ ನೆಟ್ಟಗೆ ನಿಂತ ಕತ್ತಿ. ಹಿಂಬದಿಯಲ್ಲಿ ಮೂರು ಸಾಲು ಗೀರುಗಳು. ಅದು ದೆವ್ವ ಬರೆದ ಯಂತ್ರ, ಓದಿದವರ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಓದಲು ಯಾರೂ ಹೋಗುವುದಿಲ್ಲ. ಆ ಕಡೆ ಜಾಲಿಮುಳ್ಳೂ ಇದೆ.

ಹಿಂದೆ ಒಮ್ಮೆ ಈ ಊರಿನ ಮೇಲಿನ ಬೆಟ್ಟದಲ್ಲಿ ಸಣ್ಣದೊಂದು ಕೋಟೆ ಇತ್ತು. ಶ್ರೀರಂಗಪಟ್ಟಣದ ದರ್ಬಾರಿನ ಸಂಬಳದಲ್ಲಿದ್ದ ಫ್ರೆಂಚ್ ತೋಪಿನವರು ಕೆಲವರು ಅಲ್ಲಿ ಠಾಣ್ಯ ಹಾಕಿದ್ದರು. ಅಂಥವರು ಇದ್ದ ಕಡೆಯಲ್ಲೆಲ್ಲ ಊರ ಹೆಣ್ಣುಗಳ ಜೊತೆ ಸಂಸಾರ ಹೂಡುವುದು ನಡೆದೇ ಇತ್ತು. ಇಟ್ಟುಕೊಂಡವರು ಹೆಚ್ಚು, ತಾಳಿ ಕಟ್ಟಿದವರು ಕಡಿಮೆ. ಮಾತುರೆನ್ ಎಂಬವನು ಮಾತ್ರ ಕೋಟೆಬಾಗಿಲ ಕಾವಲಿನ ಬೇಡರ ಬುಳ್ಳಪ್ಪನ ಮನೆಗೆ ಹಗಲಿನಲ್ಲೇ ಬಂದು, ಜಗಲಿಯ ಮೇಲೆ ಕೂತು, ಅವನ ಮಗಳು ಗಾದ್ರವ್ವನನ್ನು ಕೇಳಿದ. ಬಂದವನಿಗೆ ರಾಗಿಮುದ್ದೆ ಬಡಿಸಿದರು. ಅವನು ಅದನ್ನು ನುಂಗದೆ ಎಲೆ ಅಡಕೆಯಂತೆ ಅಗಿಯುತ್ತ ಕೂತ. ಮುದ್ದೆ ಹಲ್ಲಿಗೆ ಮೆತ್ತಿ ಬಾಯಿ ಬಿಡಲಾಗದೆ ಒದ್ದಾಡಿದ. ಬಾಗಿಲ ಹಿಂದೆ ನಿಂತಿದ್ದ ಗಾದ್ರವ್ವ ತಡೆಯಲಾರದೆ ನಕ್ಕಳು. "ಅಪ್ಪಾ, ಇದು ದನ ಕಣಪ್ಪಾ, ಮೆಲುಕು ಹಾಕ್ತೈತೆ. ಆಗ್ಲಿ, ಸಾಕ್ಕೊಳ್ಳಾನ," ಅಂದಳು. ಒಪ್ಪಿಗೆ ಎಂದರೆ ಅಷ್ಟೇ.

ಕುಲದ ಪಂಚಾಯಿತಿಯಾದ ಕಟ್ಟೆಮನೆಗೆ ಆ ನಗು ಹಿಡಿಸಲಿಲ್ಲ. ಕಟ್ಟೆಮನೆಯ ಯಜಮಾನ ಪಾಲಯ್ಯ ಬುಳ್ಳಪ್ಪನ ಅಣ್ಣನೇ. ಫರಂಗಿಗೆ ಹೆಣ್ಣು ಕೊಟ್ಟ ಮನೆ ಎಂದು ತಮ್ಮನ ಮನೆಗೆ ಬೆಂಕಿ, ನೀರು ಎರಡನ್ನೂ ನಿಲ್ಲಿಸಿದ. ಅಷ್ಟರಲ್ಲಿ ಮದುವೆಗೆ ಐದು ದಿನ ಇರುವಾಗ ತೋಪುಗಳೆಲ್ಲ ಕರಾವಳಿಯ ಯುದ್ಧಕ್ಕೆ ಹೊರಡಬೇಕೆಂದು ಅಪ್ಪಣೆ ಬಂತು. ಹೊರಟ ದಂಡು ನಿಲ್ಲುವಂತಿಲ್ಲ, ಇಟ್ಟ ಮುಹೂರ್ತ ತಪ್ಪುವಂತಿಲ್ಲ. ಇಂಥ ಇಕ್ಕಟ್ಟಿಗೆ ಬೇಡರಲ್ಲಿ ಹಳೆಯ ದಾರಿಯೊಂದಿತ್ತು: ಗಂಡು ಬರಲಾಗದಿದ್ದರೆ ಅವನ ಕತ್ತಿಯನ್ನು ಹಸೆಯ ಮೇಲೆ ಕೂರಿಸಿ ಧಾರೆ ಎರೆಯುವುದು. ಮಾತುರೆನ್ ತನ್ನ ಕತ್ತಿಯನ್ನು ಸೊಂಟದಿಂದ ಬಿಚ್ಚಿ ಗಾದ್ರವ್ವನ ಕೈಗೇ ಕೊಟ್ಟ. ಅವನಿಗೆ ಬರುತ್ತಿದ್ದ ಕನ್ನಡದಲ್ಲಿ ಎರಡೇ ಮಾತು ಹೇಳಿದ: ನೀರು ಬೇಡ, ಹರಳೆಣ್ಣೆ ಹಾಕು.

ಮದುವೆಯನ್ನು ಒಪ್ಪಿ ಬೆಂಕಿ, ನೀರು ಬಿಡಲು ಪಾಲಯ್ಯ ಒಂದು ಷರತ್ತು ಇಟ್ಟ. ಕತ್ತಿಯೇ ಗಂಡನಾದ ಮೇಲೆ ಗಂಡನಿಗೆ ಮಾಡುವುದನ್ನೆಲ್ಲ ಕತ್ತಿಗೆ ಮಾಡಬೇಕು. ದಿನವೂ ಬೆಳಗ್ಗೆ ಅರಿಸಿನದ ನೀರೆರೆದು, ಕುಂಕುಮ ಹಚ್ಚಿ, ಒದ್ದೆಯಲ್ಲೇ ದೇವರ ಗೂಡಿನಲ್ಲಿ ಇಡಬೇಕು. "ನೀರು ಹಾಕಿದ್ರೆ ತುಕ್ಕು ಹಿಡೀತದೆ ದೊಡ್ಡಪ್ಪಾ. ಅವ್ರು ಎಣ್ಣೆ ಹಾಕು ಅಂದವ್ರೆ," ಅಂದಳು ಗಾದ್ರವ್ವ. ಪಾಲಯ್ಯ ಅವಳತ್ತ ನೋಡಲೂ ಇಲ್ಲ. "ಗಂಡ ಬದುಕಿದ್ರೆ ಕತ್ತಿಗೆ ಯಾಕವ್ವಾ ತುಕ್ಕು ಹಿಡಿದೀತು?" ಅಂದ. ಸೇರಿದವರೆಲ್ಲ ತಲೆದೂಗಿದರು. ಕಬ್ಬಿಣಕ್ಕೆ ನೀರು ತಾಕಿದರೆ ಏನಾಗುತ್ತದೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ತನ್ನ ಕುಡುಗೋಲಿನ ವಿಷಯದಲ್ಲಿ ಚೆನ್ನಾಗಿ ಗೊತ್ತಿತ್ತು.

ಇಟ್ಟ ಮುಹೂರ್ತಕ್ಕೆ ಕತ್ತಿಯ ಜೊತೆ ಧಾರೆ ಆಯಿತು. ಮೂರು ತಿಂಗಳು ಅವಳು ಹೇಗೋ ನಿಭಾಯಿಸಿದಳು. ಪಾಲಯ್ಯನ ಹೆಂಡತಿ, ಅವಳ ದೊಡ್ಡಮ್ಮ, ಎದುರಿಗೆ ನಿಂತು ನೀರು ಎರೆಸುತ್ತಿದ್ದಳು. ಅವಳು ಅತ್ತ ಹೋದೊಡನೆ ಗಾದ್ರವ್ವ ಸೆರಗಿನಿಂದ ಒರೆಸಿ ಎಣ್ಣೆ ಸವರುತ್ತಿದ್ದಳು. ಆಮೇಲೆ ಮಳೆ ಹಿಡಿಯಿತು. ಎಂಟು ದಿನ ಸೆರಗು, ಗೋಡೆ, ಗಾಳಿ ಯಾವುದೂ ಒಣಗಲಿಲ್ಲ. ಒಂಬತ್ತನೆಯ ದಿನ ಹಿಡಿಯ ಹತ್ತಿರ ರಾಗಿಕಾಳಿನಷ್ಟು ಕೆಂಪು ಕಂಡಿತು. ಅವಳು ಬೂದಿ ಹಾಕಿ ಉಜ್ಜಿದಳು, ಹುಣಸೆಹಣ್ಣು ಹಾಕಿ ಉಜ್ಜಿದಳು. ಮರುದಿನ ಅದು ಅವರೆಕಾಳಿನಷ್ಟಾಯಿತು. ಬಗ್ಗಿ ಉಜ್ಜುತ್ತಿರುವಾಗ ಬೆನ್ನ ಹಿಂದಿನಿಂದ ದೊಡ್ಡಮ್ಮನ ಕೂಗು ಕೇಳಿತು: "ಅಯ್ಯೋ, ಗಂಡ ಸತ್ತಿದ್ದನ್ನ ತಿಕ್ಕಿ ತೊಳೀತಾವ್ಳೆ, ನೋಡ್ರಪ್ಪೋ!" ಅಂದಿನಿಂದ ನೀರು ಸೇದುವ ಹೆಂಗಸರು ಅವಳು ಬಂದರೆ ಕೊಡ ಎತ್ತಿಕೊಂಡು ಹೋಗತೊಡಗಿದರು. ಹಟ್ಟಿಯ ನಾಯಿ ಊಳಿಟ್ಟದ್ದು, ಮೇಕೆ ಮರಿ ಹಾಕದೆ ಸತ್ತದ್ದು, ಎಲ್ಲವೂ ಕತ್ತಿಯ ಲೆಕ್ಕಕ್ಕೆ ಸೇರಿತು. ಬುಳ್ಳಪ್ಪನ ಮನೆಗೆ ಮತ್ತೆ ಬೆಂಕಿ, ನೀರು ನಿಂತಿತು.

ಕಟ್ಟೆಮನೆ ಸೇರಿತು. ದಂಡು ಇದ್ದ ಕಡೆಗೆ ಆರು ದಿನದ ದಾರಿ, ಒಬ್ಬರನ್ನು ಕಳಿಸಿ ಕೇಳಿ ಬನ್ನಿ ಎಂದು ಗಾದ್ರವ್ವ ಬೇಡಿಕೊಂಡಳು. ಕತ್ತಿ ಹೇಳಿದ ಮೇಲೆ ಮನುಷ್ಯನನ್ನು ಕೇಳುವುದು ಕುಲಕ್ಕೆ ಅವಮಾನ ಎಂದರು. ಆಗ ಅವಳು ಕೊನೆಯ ಮಾತು ಆಡಿದಳು. "ಸತ್ತವ್ರೆ ಅಂತಲೇ ಇಟ್ಕೊಳ್ಳಿ. ನಮ್ಮಲ್ಲಿ ಗಂಡ ಸತ್ತೋಳಿಗೆ ಕೂಡಿಕೆ ಐತಲ್ಲ, ಇನ್ನೊಬ್ಬರಿಗೆ ಕೊಡಿ. ನಾನು ಬದುಕಬೇಕು." ಪಾಲಯ್ಯ ನಕ್ಕ. "ಫರಂಗಿಯ ಎಂಜಲನ್ನ ಯಾವೋನು ಮುಟ್ಟಾನು?" ಅಂದ. ಆಮೇಲೆ ಮೃದುವಾಗಿ ತಮ್ಮನ ಕಡೆ ತಿರುಗಿ, ಮಗಳು ಬೆಂಕಿಗೆ ಬಿದ್ದು ಮಾಸ್ತಿಯಾದರೆ ಆ ಮನೆಗೆ ಏಳು ತಲೆ ಮೈಲಿಗೆ ಇಲ್ಲ, ನಾಳೆಯಿಂದಲೇ ನಿನಗೆ ಬೆಂಕಿ, ನೀರು ಬಿಡುತ್ತೇವೆ ಎಂದ. ಗಾದ್ರವ್ವ ಅಪ್ಪನ ಮುಖ ನೋಡಿದಳು. ಬುಳ್ಳಪ್ಪ ನೆಲ ನೋಡುತ್ತಿದ್ದ. ಅವನು ತಲೆ ಎತ್ತುತ್ತಾನೆಂದು ಅವಳು ಕಾದಳು. ಅವನು ಎತ್ತಲಿಲ್ಲ.

ಹೊರಡುವಾಗ ಅವಳು ಒಂದಿಷ್ಟು ಹರಳೆಣ್ಣೆ ಕೇಳಿದಳು. ತಲೆಗೆ ಹಚ್ಚಿಕೊಳ್ಳಲು ಇರಬೇಕೆಂದು ಕೊಟ್ಟರು. ಅವಳು ಕತ್ತಿಗೆ ಸವರಿ, ಒರೆಸಿ, ಗೂಡಿನಲ್ಲಿಟ್ಟು ಬಂದಳು. ದಿಬ್ಬದ ಮೇಲೆ ಕೊಂಡ ಉರಿಯುತ್ತಿತ್ತು. ಗಾದ್ರವ್ವ ನಗುನಗುತ್ತ ಮದುವಣಗಿತ್ತಿಯ ಹಾಗೆ ಇಳಿದಳು ಎಂದು ಊರ ಹಾಡು ಹೇಳುತ್ತದೆ. ಹನ್ನೆರಡು ಜೊತೆ ತಮಟೆ ಬಾರಿಸಿದರು ಎಂದೂ ಅದೇ ಹಾಡು ಹೇಳುತ್ತದೆ. ನಗುವವಳಿಗೆ ಹನ್ನೆರಡು ಜೊತೆ ತಮಟೆ ಯಾಕೆ ಬೇಕಾಯಿತು ಎಂಬುದನ್ನು ಹೇಳುವುದಿಲ್ಲ.

ಮರುವರ್ಷ ಮಾಘದಲ್ಲಿ, ಮಟಮಟ ಮಧ್ಯಾಹ್ನ, ಸಾಹೇಬನ ದೆವ್ವ ಊರಿಗೆ ಬಂತು ಎನ್ನುತ್ತಾರೆ. ಮೈ ಒಣಗಿ ಹಳದಿಯಾಗಿತ್ತಂತೆ, ಸೊಂಟದಲ್ಲಿ ಕತ್ತಿ ಇರಲಿಲ್ಲವಂತೆ; ದೆವ್ವವೆನ್ನಲು ಅಷ್ಟು ಸಾಕಾಯಿತು. ಅದು ಬುಳ್ಳಪ್ಪನ ಕದ ತಟ್ಟಿ "ಗಾದ್ರೀ" ಎಂದು ಕರೆಯಿತು. ಒಳಗಿನಿಂದ ಬುಳ್ಳಪ್ಪ ಕದ ತೆಗೆಯದೆ, "ಹೋಗಪ್ಪಾ, ಅವ್ಳು ದಿಬ್ಬದ ಮ್ಯಾಲೆ ಮಾಸ್ತಿಯಾದ್ಲು, ನೀನು ಸತ್ತೋಗಿದ್ದೀಯ," ಅಂದ. ದೆವ್ವ ಬಹಳ ಹೊತ್ತು ಜಗಲಿಯ ಮೇಲೆಯೇ ಕೂತಿತ್ತು. ಶಾಂತಿಯಾಗಲೆಂದು ಕಿಂಡಿಯಿಂದ ಹೊರಗೆ ಮುದ್ದೆಯಿಟ್ಟರು. ಆಮೇಲೆ ನೋಡಿದರೆ ಅರ್ಧ ಉಳಿದಿತ್ತು, ಅದರ ಮೇಲೆ ಹಲ್ಲಿನ ಗುರುತು. ದೆವ್ವ ಮುದ್ದೆಯನ್ನು ಅಗಿದು ತಿಂದಿದೆ ಎಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಹದಿನೈದು ದಿನ ದಿಬ್ಬದ ಕಡೆಯಿಂದ ಉಳಿಯ ಸದ್ದು ಕೇಳುತ್ತಿತ್ತಂತೆ. ನಿಂತ ಮೇಲೆ ಹೋಗಿ ನೋಡಿದರೆ ಬೂದಿಯಿದ್ದ ಜಾಗದಲ್ಲಿ ಕಲ್ಲು ನಿಂತಿತ್ತು. ದೆವ್ವದ ಭಯಕ್ಕೆ ಕತ್ತಿಯನ್ನು ಅಲ್ಲಿಗೇ ಸಾಗಿಸಿ ಗುಡಿ ಕಟ್ಟಿದರು. ದಿಬ್ಬಕ್ಕೆ ಕತ್ತಿಗಂಡನ ದಿಬ್ಬ ಎಂಬ ಹೆಸರಾಯಿತು.

ಇಂದಿಗೂ ಸೋಮವಾರಗಳಂದು ಹೆಂಗಸರು ಬಂದು, ದೂರದಲ್ಲಿರುವ ಗಂಡಂದಿರ ಆಯುಸ್ಸಿಗಾಗಿ ಆ ಹಿಡಿಗೆ ಅರಿಸಿನದ ನೀರು ಎರೆಯುತ್ತಾರೆ. ಕಲ್ಲಿನ ಮುಂಬದಿಯ ಕೈಗೆ ಬಳೆ ಏರಿಸುತ್ತಾರೆ. ಹಿಂಬದಿಯ ಗೀರುಗಳು ಫ್ರೆಂಚ್ ಅಕ್ಷರಗಳು. ಮುಳ್ಳು ಸರಿಸಿದರೆ ಸಲೀಸಾಗಿ ಓದಬಹುದು, ಕಣ್ಣು ಹೋಗುವುದಿಲ್ಲ. ಮೊದಲ ಸಾಲಿನಲ್ಲಿ ಆಕೆಯ ಹೆಸರಿದೆ. ಎರಡನೆಯದರಲ್ಲಿ ಆಕೆಯನ್ನು ಸುಟ್ಟ ವರ್ಷ. ಮೂರನೆಯದು: ಮರುವರ್ಷ ಇದನ್ನು ತನ್ನ ಕೈಯಾರೆ ಕೆತ್ತಿದವನು, ಆಕೆಯ ಗಂಡ, ಮಾತುರೆನ್.